ಗಾರೆ ಗೋಡೆ: ದುರಸ್ತಿ ಮತ್ತು ಪಟ ತೂಗುವ ಕ್ರಮ

ಇಟ್ಟಿಗೆ, ಕಲ್ಲು, ಮುರಕಲ್ಲು ಇಲ್ಲವೆ ಹಸಿಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಸುಣ್ಣ ಮತ್ತು ಮರಳಿನ ಕಲಸನ್ನು ಪದರಪದರವಾಗಿ ಮೆತ್ತಿ, ತಿಕ್ಕಿ ನಯಮಾಡಿದರೆ ಅದು ಗಾರೆ ಗೋಡೆ. ಗಚ್ಚು, ಗಚ್ಚುಗಾರೆ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಉತ್ತರ ಕರ್ನಾಟಕದಲ್ಲಿ ಈ ಮೆತ್ತಿಗೆಗೆ ಗಿಲಾವು ಎನ್ನುತ್ತಾರೆ. ಸಿಮೆಂಟು ಎಲ್ಲೆಡೆ ಸಿಗತೊಡಗುವವರೆಗೆ ಸ್ಥಿತಿವಂತರ ಮನೆ, ಅರಮನೆ, ಗುಡಿ, ಮಸೀದಿ, ಕಚೇರಿಗಳ ಗೋಡೆ ಸಿದ್ಧವಾಗುತ್ತಿದ್ದುದು ಹೀಗೆಯೇ. ಅಂಥ ಕಟ್ಟಡಗಳು ಇನ್ನೂ ಸಾಕಷ್ಟು ಉಳಿದಿವೆ, ಅವುಗಳಲ್ಲಿ ಜನ ವಾಸವಾಗಿದ್ದಾರೆ. ಅವರಿಗೆ ದೇವರ ಪಟ, ಹಿರಿಯರ ಫೋಟೊ, ಗಡಿಯಾರ ತೂಗಬೇಕಾಗುತ್ತದೆ. ಈ ಕೆಲಸಕ್ಕೆ ಕೈಹಾಕಿದವರಿಗೆಲ್ಲ ಎದುರಾಗುವ ಕಷ್ಟ ಒಂದೇ: ಮೊಳೆಗೆ ಎರಡೇಟು ಬೀಳುವಷ್ಟರಲ್ಲಿ ಅಂಗೈಯಗಲದ ಗಾರೆ ಉದುರಿ ನೆಲ ಸೇರಿರುತ್ತದೆ, ಮೊಳೆ ಕೈಯಲ್ಲೇ ಉಳಿದಿರುತ್ತದೆ.

ಗಾರೆ ಗೋಡೆಯ ಹೊದಿಕೆ; ಭಾರ ಹೊರುವ ಕೆಲಸವನ್ನು ಅದಕ್ಕೆ ಯಾರೂ ವಹಿಸಿರಲಿಲ್ಲ. ಪಟದ ಭಾರ ಗಾರೆಯನ್ನು ದಾಟಿ ಒಳಗಿನ ಕಟ್ಟುವಿಕೆಗೆ ಸೇರಬೇಕು. ಕಿತ್ತುಹೋದಲ್ಲಿ ಹಚ್ಚುವ ತೇಪೆ ಹಳೆಯ ಗಾರೆಗಿಂತ ಗಟ್ಟಿಯಾಗಿರಬಾರದು. ಈ ಎರಡು ನಿಯಮ ತಿಳಿದವರಿಗೆ ಮುಂದಿನ ವಿವರಗಳು ಸುಲಭ.

ಸುಣ್ಣದ ಗುಣ

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ ಕಲ್ಲು 100 ಕಿಲೊ ಸುಟ್ಟರೆ ಸಿಗುವುದು 56 ಕಿಲೊ. ಅದರ ಮೇಲೆ ನೀರು ಬಿದ್ದೊಡನೆ ಭುಸುಗುಟ್ಟಿ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ, ನೀರಿನಡಿಯಲ್ಲಿ, ವಾರಗಟ್ಟಲೆ ತಿಂಗಳುಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಮೂರು ವರ್ಷಕ್ಕಿಂತ ಎಳೆಯ ಸುಣ್ಣವನ್ನು ಬಳಸಬಾರದೆಂಬ ಹಳೆಯ ಕಟ್ಟಳೆಯೊಂದನ್ನು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಇದಕ್ಕೆ ಕಾರಣವಿದೆ. ಆತುರದಲ್ಲಿ ಬಳಸಿದ ಸುಣ್ಣದಲ್ಲಿ ಅರಳದೆ ಉಳಿದ ಹರಳುಗಳಿರುತ್ತವೆ. ಅವು ಗೋಡೆಗೆ ಹೋದ ಮೇಲೆ ತಡವಾಗಿ ಅರಳಿ, ನಯವಾದ ಮೈಯಲ್ಲಿ ಸಣ್ಣಸಣ್ಣ ಕುಳಿಗಳನ್ನು ಹಾರಿಸುತ್ತವೆ.

ಗೋಡೆಗೆ ಮೆತ್ತಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ತಿಂಗಳಿಗೆ ಒಂದು ಮಿಲಿಮೀಟರಿನಷ್ಟು ಆಳಕ್ಕೆ ಈ ಬದಲಾವಣೆ ಇಳಿಯುತ್ತದೆಂಬುದು ಸಂರಕ್ಷಣೆಯ ಕೆಲಸದವರ ಅಂದಾಜು ಲೆಕ್ಕ. ಒಂದಂಗುಲ ದಪ್ಪದ ಗಾರೆ ಪೂರ್ತಿ ಕಲ್ಲಾಗಲು ವರ್ಷಗಳೇ ಬೇಕೆಂದಾಯಿತು. ಈ ನಿಧಾನವೇ ಗಾರೆಯ ಬಲ. ಕಟ್ಟಡ ಅಷ್ಟಿಷ್ಟು ಕುಸಿದರೂ ಎಳೆಯ ಗಾರೆ ಒಡೆಯದೆ ಹೊಂದಿಕೊಳ್ಳುತ್ತದೆ. ಕೂದಲೆಳೆಯ ಬಿರುಕಿನೊಳಗೆ ನೀರು ಹೊಕ್ಕರೆ ಕರಗಿದ ಸುಣ್ಣ ಅಲ್ಲೇ ಮತ್ತೆ ಹೆಪ್ಪುಗಟ್ಟಿ ಬಿರುಕನ್ನು ಮುಚ್ಚುವುದೂ ಉಂಟು.

ಕರಾವಳಿಯಲ್ಲಿ ಕಲ್ಲಿನ ಬದಲು ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡುವ ಪದ್ಧತಿಯಿತ್ತು. ಎತ್ತು ಎಳೆಯುವ ಕಲ್ಲಿನ ಗಾಲಿ ದುಂಡನೆಯ ಕಾಲುವೆಯಲ್ಲಿ ಸುತ್ತುವ ಗಾಣದಲ್ಲಿ ಸುಣ್ಣ ಮತ್ತು ಮರಳನ್ನು ಬೆಣ್ಣೆಯಂತಾಗುವವರೆಗೆ ಅರೆಯುತ್ತಿದ್ದರು. ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಬೆರೆಸಿದರೆ ಗಾರೆ ನೀರಿನಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ಅಣೆಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುವ ರೂಢಿ ದಕ್ಷಿಣದಲ್ಲೆಲ್ಲ ಇತ್ತು. ಕನ್ನಡಿಯಂತೆ ಹೊಳೆಯುವ ಮದರಾಸು ಚುನಾಮಿಗೆ ಚಿಪ್ಪಿನ ಸುಣ್ಣದೊಂದಿಗೆ ಮೊಟ್ಟೆಯ ಬಿಳಿ, ಮೊಸರು ಸೇರುತ್ತಿದ್ದವು. ಇವುಗಳಲ್ಲಿ ಹುರುಳಿಲ್ಲದಿಲ್ಲ: ಸಕ್ಕರೆಯ ಅಂಶವಿದ್ದರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ, ಮೆತ್ತಲು ಹದವಾಗುತ್ತದೆ. ಆದರೂ ಇಂದು ಮನೆಯ ಗೋಡೆ ರಿಪೇರಿಗೆ ಹೊರಟವರು ಬೆಲ್ಲ, ಮೊಟ್ಟೆಗಳ ಗುಟ್ಟನ್ನು ಹುಡುಕುವುದಕ್ಕಿಂತ ಮರಳನ್ನು ಚೆನ್ನಾಗಿ ತೊಳೆಯುವುದು ಲೇಸು. ಉಪ್ಪು ಅಥವಾ ಜೇಡಿ ಉಳಿದ ಮರಳು ಹಾಳುಮಾಡಿದಷ್ಟು ಗಾರೆಯನ್ನು ಬೆಲ್ಲದ ಕೊರತೆ ಹಾಳುಮಾಡುವುದಿಲ್ಲ.

ಲೀಡ್ಸಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿನ ಪೇಟೆಂಟ್ ಪಡೆದ. ಭಾರತದಲ್ಲಿ ನೆಲೆಯಾಗಿ ಉತ್ಪಾದನೆ ಶುರುವಾದದ್ದು ಪೋರಬಂದರಿನಲ್ಲಿ, 1914ರಲ್ಲಿ. ಸಿಮೆಂಟು ಬೇಗ ಗಟ್ಟಿಯಾಗುತ್ತದೆ, ಗಾಣ ಬೇಡ, ಗುಂಡಿ ಬೇಡ, ಕಾಯುವುದು ಬೇಡ. ಹೀಗಾಗಿ ಎರಡೇ ತಲೆಮಾರಿನಲ್ಲಿ ಸುಣ್ಣದ ಗಾರೆ ಹದ ಮಾಡಬಲ್ಲ ಕೈಗಳು ವಿರಳವಾದವು. ಸುಣ್ಣದ ಗುಣಮಟ್ಟಕ್ಕೆ ಐಎಸ್ 712, ಸುಣ್ಣದ ಗಾರೆ ಮೆತ್ತುವ ಕ್ರಮಕ್ಕೆ ಐಎಸ್ 2394 ಎಂಬ ಭಾರತೀಯ ಮಾನಕಗಳು ಇವೆ. ಮನೆ ರಿಪೇರಿಗೆ ಬರುವ ಗುತ್ತಿಗೆದಾರರಲ್ಲಿ ಅವುಗಳ ಹೆಸರು ಕೇಳಿದವರು ಕಡಿಮೆ.

ಕರ್ನಾಟಕದ ಹಳೆಯ ಗೋಡೆಗಳು

ಒಂದೇ ಬಗೆಯ ಬಿಳಿ ಮೈಯ ಹಿಂದೆ ಬೇರೆಬೇರೆ ಒಡಲುಗಳಿವೆ. ಕರಾವಳಿಯಲ್ಲಿ ಮುರಕಲ್ಲು; ಮೆತ್ತಗಿದ್ದು ತೂತು ತೂತಾಗಿರುತ್ತದೆ, ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಉತ್ತರದ ಮಾಳಿಗೆಮನೆಗಳಲ್ಲಿ ಎರಡು ಅಡಿಗೂ ಮೀರಿದ ದಪ್ಪದ ಕಲ್ಲಿನ ಗೋಡೆ. ಸಂದುಗಳಲ್ಲಿ ಹೆಚ್ಚಾಗಿ ಮಣ್ಣೇ, ಒಳಮೈಗೂ ಮಣ್ಣಿನ ಮೆತ್ತಿಗೆ, ಅದರ ಮೇಲೆ ಸುಣ್ಣ. ಮಲೆನಾಡಿನ ಮತ್ತು ಮೈಸೂರು ಸೀಮೆಯ ತೊಟ್ಟಿಮನೆಗಳಲ್ಲಿ ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ ಎರಡೂ ಸಿಗುತ್ತವೆ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳದು ಸುಟ್ಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟುವಿಕೆ. ಮೇಲೆ ಮರದ ತೊಲೆಗಳ ನಡುವೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ ಮದರಾಸು ತಾರಸಿ, ಇಲ್ಲವೆ ಮಂಗಳೂರು ಹೆಂಚು.

ಈ ಮನೆಗಳನ್ನು ಕಟ್ಟಿದವರಿಗೆ ಗಾರೆಯಲ್ಲಿ ಮೊಳೆ ನಿಲ್ಲದೆಂಬುದು ಗೊತ್ತಿತ್ತು. ಅದಕ್ಕೇ ಗೋಡೆ ಏಳುವಾಗಲೇ ಅದರೊಳಗೆ ಮರದ ಗೂಟ ಸೇರಿಸುತ್ತಿದ್ದರು. ತುದಿಯನ್ನು ಗಿಳಿಯಂತೆ ಕಡೆದ ಗಿಳಿಗೂಟಕ್ಕೆ ಪಂಚೆ, ಜೋಳಿಗೆ, ಲಾಟೀನು ಎಲ್ಲವೂ ನೇತುಬೀಳುತ್ತಿದ್ದವು. ದೀಪಕ್ಕೆ, ಪುಸ್ತಕಕ್ಕೆ, ದೇವರಿಗೆ ಗೋಡೆಯ ದಪ್ಪದಲ್ಲೇ ಗೂಡು. ಹಳೆಯ ಮನೆ ಕೊಂಡವರು ನವೀಕರಣದ ಉತ್ಸಾಹದಲ್ಲಿ ಮೊದಲು ಕಿತ್ತೆಸೆಯುವುದೂ ಈ ಗೂಟಗಳನ್ನೇ. ಆಮೇಲೆ ಅದೇ ಗೋಡೆಗೆ ಡ್ರಿಲ್ ಹಿಡಿಯುತ್ತಾರೆ. ಗೂಟ ಗೆದ್ದಲು ಹಿಡಿಯದೆ ಗಟ್ಟಿಯಾಗಿದ್ದರೆ ಪಟ ತೂಗಲು ಅದಕ್ಕಿಂತ ಒಳ್ಳೆಯ ಜಾಗ ಆ ಗೋಡೆಯಲ್ಲಿ ಮತ್ತೊಂದಿಲ್ಲ.

ಪಶ್ಚಿಮದ ಪಟ್ಟಿಗೋಡೆ

ಬ್ರಿಟನ್ ಮತ್ತು ಅಮೆರಿಕದ ಹಳೆಯ ಮನೆಗಳಲ್ಲಿ, ಮುಖ್ಯವಾಗಿ ಒಳಗಿನ ಅಡ್ಡಗೋಡೆಗಳಲ್ಲಿ, ವ್ಯವಸ್ಥೆ ಬೇರೆ. ನಿಲುವು ಮರಗಳ ಮೇಲೆ ತೆಳುವಾದ ಮರದ ಪಟ್ಟಿಗಳನ್ನು ಸಣ್ಣ ಸಂದು ಬಿಟ್ಟು ಅಡ್ಡಡ್ಡ ಹೊಡೆದು, ಅವುಗಳ ಮೇಲೆ ಕುದುರೆ, ಆಡು, ದನದ ಕೂದಲು ಬೆರೆಸಿದ ಸುಣ್ಣದ ಗಾರೆಯನ್ನು ಒತ್ತುತ್ತಿದ್ದರು. ಸಂದಿನಿಂದ ಆಚೆಗೆ ನುಗ್ಗಿದ ಗಾರೆ ಪಟ್ಟಿಯ ಹಿಂದೆ ಮಡಚಿಕೊಂಡು ಗಟ್ಟಿಯಾಗಿ ಕೊಂಡಿಯಂತೆ ಹಿಡಿಯುತ್ತದೆ. ಇಡೀ ಗೋಡೆಯ ಗಾರೆ ಈ ಕೊಂಡಿಗಳ ಮೇಲೆ ನಿಂತಿರುತ್ತದೆ. ಸುತ್ತಿಗೆಯ ಏಟಿಗೆ ಮುರಿಯುವುದು ಅವೇ. ಮುರಿದದ್ದು ಹೊರಗೆ ಕಾಣುವುದಿಲ್ಲ, ವರ್ಷಗಳ ಬಳಿಕ ಗಾರೆ ಹಲಗೆ ಹಲಗೆಯಾಗಿ ಕಳಚುತ್ತದೆ.

ಅಲ್ಲಿನವರು ಕಂಡುಕೊಂಡ ಒಳ್ಳೆಯ ಉಪಾಯವೆಂದರೆ ಪಟದ ಪಟ್ಟಿ: ಚಾವಣಿಯಿಂದ ಸ್ವಲ್ಪ ಕೆಳಗೆ ಕೋಣೆಯ ಸುತ್ತ ಹೊಡೆದ, ಮೇಲಂಚು ದುಂಡಗಿರುವ ಮರದ ಪಟ್ಟಿ. ವಿಕ್ಟೋರಿಯಾ ರಾಣಿಯ ಕಾಲದ ಮನೆಗಳಲ್ಲಿ ಅದು ಮಾಮೂಲು. ಹಿತ್ತಾಳೆಯ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ ಹುರಿಯಿಂದ ಪಟವನ್ನು ಇಳಿಬಿಟ್ಟರೆ ಗಾರೆಗೆ ಒಂದು ತೂತೂ ಬೀಳುವುದಿಲ್ಲ. ಪಟವನ್ನು ಎಡಕ್ಕೋ ಬಲಕ್ಕೋ ಸರಿಸುವುದೂ ಸಲೀಸು. ಇಂದಿನ ಚಿತ್ರಶಾಲೆಗಳ ಅಲ್ಯೂಮಿನಿಯಮ್ ಹಳಿ ಇದೇ ಪಟ್ಟಿಯ ಮೊಮ್ಮಗ. ಅಮೆರಿಕದಲ್ಲಿ 1894ರಲ್ಲಿ ಅಗಸ್ಟೀನ್ ಸ್ಯಾಕೆಟ್ ಪೇಟೆಂಟ್ ಪಡೆದ ಜಿಪ್ಸಮ್ ಹಲಗೆ ಮುಂದೆ ಸುಧಾರಿಸಿ, ಪಟ್ಟಿಗೋಡೆ ಕಟ್ಟುವ ಕಸುಬನ್ನೇ ಬಹುಮಟ್ಟಿಗೆ ಮುಗಿಸಿತು.

ಕೆಡುವ ಬಗೆ

ಗಾರೆಯ ದೊಡ್ಡ ಶತ್ರು ನೀರು. ನೆಲದಿಂದ ಮೇಲೇರುವ ತೇವ, ಸೋರುವ ಹೆಂಚು, ಗೋಡೆಗೆ ತಾಗಿ ಬೆಳೆದ ಹೂಗಿಡಗಳಿಗೆ ಬೀಳುವ ನೀರು, ಒಡೆದ ಕೊಳಾಯಿ ಇವೆಲ್ಲವೂ ಗೋಡೆಯನ್ನು ನೆನೆಸುತ್ತವೆ. ನೀರೊಂದೇ ಆದರೆ ಅಷ್ಟು ಕೇಡಿಲ್ಲ. ಅದು ತನ್ನೊಡನೆ ಸಲ್ಫೇಟು, ನೈಟ್ರೇಟು, ಕ್ಲೋರೈಡುಗಳಂಥ ಲವಣಗಳನ್ನು ಹೊತ್ತು ತರುತ್ತದೆ. ನೀರು ಆರಿದಲ್ಲಿ ಲವಣ ಹರಳುಗಟ್ಟಿ ಹಿಗ್ಗುತ್ತದೆ. ಮೇಲ್ಮೈಯಲ್ಲಿ ಹರಳಾದರೆ ಬಿಳಿ ಹೂವು ಬಿಟ್ಟಂತೆ ಕಾಣುತ್ತದೆ, ಕುಂಚದಿಂದ ಉಜ್ಜಿದರೆ ಹೋಗುತ್ತದೆ. ಗಾರೆಯ ಒಳಗೇ ಹರಳಾದರೆ ಗಾರೆ ಪುಡಿಪುಡಿಯಾಗುತ್ತದೆ.

ಸಿಮೆಂಟಿನ ತೇಪೆ ಮತ್ತು ಪ್ಲಾಸ್ಟಿಕ್ ಬಣ್ಣ ಕೇಡು ಮಾಡುವುದು ಈ ಹಂತದಲ್ಲೇ. ಸುಣ್ಣದ ಮೈಯಿಂದ ಆವಿ ಸರಾಗವಾಗಿ ಹೊರಹೋಗುತ್ತದೆ. ಸಿಮೆಂಟಿನಿಂದ, ಎಣ್ಣೆಬಣ್ಣದಿಂದ ಹೋಗುವುದಿಲ್ಲ. ತೇವ ತೇಪೆಯ ಸುತ್ತ ದಾರಿ ಹುಡುಕಿಕೊಂಡು ಅಲ್ಲಿನ ಹಳೆಯ ಗಾರೆಯನ್ನು ತಿನ್ನುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೇಪೆ ಹಾಗೇ ಗಟ್ಟಿಯಾಗಿದ್ದು ಅದರ ಅಂಚೆಲ್ಲ ಉಬ್ಬಿ ಬಿದ್ದಿರುತ್ತದೆ. ‘ನೋಡಿ, ನಾನು ಹಾಕಿದ ಸಿಮೆಂಟು ಅಲ್ಲಾಡಿಲ್ಲ, ನಿಮ್ಮ ಹಳೇ ಗೋಡೆಯೇ ಸರಿಯಿಲ್ಲ’ ಎಂದು ಮೇಸ್ತ್ರಿ ಹೇಳುತ್ತಾನೆ, ಮನೆಯವರು ಒಪ್ಪಿಕೊಂಡು ಉಳಿದ ಗೋಡೆಗೂ ಸಿಮೆಂಟು ಹಾಕಿಸುತ್ತಾರೆ. ಹಳೆಯ ಮನೆಗಳು ಹೆಚ್ಚಾಗಿ ಕೆಟ್ಟಿರುವುದು ಈ ಒಪ್ಪಂದದಿಂದ.

ಉಳಿದ ಕಾರಣಗಳು ಸಣ್ಣವು: ಅಡಿಪಾಯದ ಕುಸಿತ, ಭಾರದ ವಾಹನಗಳ ನಡುಕ, ಗೋಡೆಯ ಬಿರುಕಿನಲ್ಲಿ ಬೇರಿಳಿಸಿದ ಅರಳಿ, ಆಲ. ಮರ ಸೇರಿದ ಗೋಡೆಯಾದರೆ ಗೆದ್ದಲು.

ಗೋಡೆಯನ್ನು ಓದುವುದು

ರಿಪೇರಿಗೆ ಮೊದಲು ಗೋಡೆಯನ್ನು ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಟ್ಟಿಯಾಗಿ ಅಂಟಿದಲ್ಲಿ ಸದ್ದು ಮೊಂಡಾಗಿರುತ್ತದೆ, ಬಿಟ್ಟುಕೊಂಡಲ್ಲಿ ಟೊಳ್ಳಾಗಿ ಕೇಳುತ್ತದೆ. ಟೊಳ್ಳು ಜಾಗಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಅಂಗೈಯಗಲದ ಟೊಳ್ಳು ಅಲ್ಲಲ್ಲಿ ಇದ್ದರೆ ಚಿಂತೆಯಿಲ್ಲ, ಹಾಗೇ ಬಿಡಬಹುದು. ಅಂಥ ಗೋಡೆಗಳು ನೂರು ವರ್ಷ ಹಾಗೇ ನಿಂತಿವೆ. ಒತ್ತಿದರೆ ಅಲ್ಲಾಡುವುದು, ಹೊಟ್ಟೆ ಉಬ್ಬಿರುವುದು ಮಾತ್ರ ಅಪಾಯ.

ಬಿರುಕುಗಳಲ್ಲಿ ಜಾತಿಗಳಿವೆ. ಜೇಡರ ಬಲೆಯಂಥ ಕೂದಲೆಳೆ ಬಿರುಕು ಗಾರೆ ಆರುವಾಗ ಕುಗ್ಗಿದ್ದರಿಂದ ಬಂದದ್ದು, ನಿರುಪದ್ರವಿ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ, ಮೆಟ್ಟಿಲಿನಂತೆ ಇಟ್ಟಿಗೆಯ ಸಂದು ಹಿಡಿದು ಹೋಗುವ ಬಿರುಕು ಗೋಡೆಯೇ ಅಲುಗಿದ ಗುರುತು. ಅದು ಈಗಲೂ ಅಲುಗುತ್ತಿದೆಯೇ ಎಂದು ತಿಳಿಯಲು ಬಿರುಕಿಗೆ ಅಡ್ಡವಾಗಿ ಗಾಜಿನ ತುಂಡೊಂದನ್ನು ಎರಡೂ ಬದಿಗೆ ಅಂಟಿಸಿ, ತಾರೀಕು ಬರೆದಿಟ್ಟು, ಒಂದು ಮಳೆಗಾಲ ಒಂದು ಬೇಸಗೆ ಕಾಯಬೇಕು. ಗಾಜು ಒಡೆದರೆ ಗಾರೆ ಕೆಲಸದವರನ್ನು ಬಿಟ್ಟು ಎಂಜಿನಿಯರನ್ನು ಕರೆಯಬೇಕು. ಚಲಿಸುವ ಬಿರುಕನ್ನು ಮುಚ್ಚುವುದು ದುಡ್ಡು ದಂಡ.

ದುರಸ್ತಿ

ತೇವದ ಮೂಲವನ್ನು ನಿಲ್ಲಿಸದೆ ಗಾರೆಗೆ ಕೈಹಚ್ಚಬಾರದು. ಹೆಂಚು ಸರಿಪಡಿಸಿ, ದೋಣಿಕೊಳವೆ ಶುಚಿಮಾಡಿ, ಗೋಡೆಯ ಬುಡದ ಮಣ್ಣನ್ನು ತಗ್ಗಿಸಿ, ಒಂದು ಬೇಸಗೆ ಆರಲು ಬಿಡುವುದು ಉತ್ತಮ. ಕೆಲಸ ಮಾಡಲು ಒಳ್ಳೆಯ ಕಾಲ ಮಳೆ ನಿಂತ ನಂತರದ ತಿಂಗಳುಗಳು. ಕಡುಬೇಸಗೆಯಲ್ಲಿ ಗಾರೆ ಬೇಗ ಒಣಗಿ ಸೀಳುತ್ತದೆ, ಜಡಿಮಳೆಯಲ್ಲಿ ಆರುವುದೇ ಇಲ್ಲ.

ಬಿರುಕನ್ನು ತುಂಬುವಾಗ ಹೊಸಬರು ಮಾಡುವ ತಪ್ಪೆಂದರೆ ಮೇಲಿಂದ ಮೇಲೆ ಪುಟ್ಟಿ ತಿಕ್ಕುವುದು. ಬಿರುಕನ್ನು ಮೊದಲು ಉಳಿಯಿಂದ ಬಿಡಿಸಬೇಕು. ಬಾಯಿ ಕಿರಿದಾಗಿ, ತಳ ಅಗಲವಾಗಿರುವಂತೆ ಒಳಗೆ ಕೆತ್ತಿದರೆ ಹೊಸ ಗಾರೆ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ದೂಳನ್ನೆಲ್ಲ ಕುಂಚದಿಂದ ತೆಗೆದು, ಹಳೆಯ ಮೈಯನ್ನು ಚೆನ್ನಾಗಿ ನೆನೆಸಬೇಕು. ಒಣ ಗೋಡೆ ಹೊಸ ಗಾರೆಯ ನೀರನ್ನೆಲ್ಲ ಕ್ಷಣದಲ್ಲಿ ಹೀರಿ ಅದನ್ನು ಪುಡಿಯಾಗಿಸಿಬಿಡುತ್ತದೆ. ನೆನೆಸಬೇಕು ಎಂದರೆ ನೀರು ಸುರಿಯುತ್ತಿರಬೇಕೆಂದಲ್ಲ, ಮೈ ಹಸಿಯಾಗಿದ್ದು ಹೊಳಪು ಆರಿರಬೇಕು.

ಒಳಪದರಗಳಿಗೆ ಕೊಳೆತ ಸುಣ್ಣ ಒಂದು ಪಾಲು, ತೊಳೆದ ಒರಟು ಮರಳು ಮೂರು ಪಾಲು. ಮೇಲ್ಪದರಕ್ಕೆ ಜರಡಿಯಾಡಿದ ನುಣ್ಣನೆಯ ಮರಳು, ಸುಣ್ಣದ ಪಾಲು ಹೆಚ್ಚು. ಒಂದು ಸಲಕ್ಕೆ ಹತ್ತು ಮಿಲಿಮೀಟರಿಗಿಂತ ದಪ್ಪ ಮೆತ್ತಬಾರದು. ಪ್ರತಿ ಪದರವೂ ಉಗುರು ಊರಿದರೆ ಗುರುತು ಬೀಳದಷ್ಟು ಬಿಗಿದ ಮೇಲೆ ಮುಂದಿನದು; ಇದಕ್ಕೆ ಹಲವು ದಿನ ಹಿಡಿಯುತ್ತದೆ. ಒಳಪದರದ ಮೇಲೆ ಕರಣೆಯ ಮೊನೆಯಿಂದ ಗೀರು ಹಾಕಿಟ್ಟರೆ ಮೇಲಿನದಕ್ಕೆ ಹಿಡಿತ ಸಿಗುತ್ತದೆ. ವಿಟ್ರುವಿಯಸ್ ಎಂಬ ರೋಮಿನ ವಾಸ್ತುಶಿಲ್ಪಿ ಮರಳಿನ ಗಾರೆ ಮೂರು ಪದರ, ಅದರ ಮೇಲೆ ಅಮೃತಶಿಲೆಯ ಪುಡಿಯ ಗಾರೆ ಮೂರು ಪದರ ಹೇಳಿದ್ದ. ನಮ್ಮ ಮನೆಗಳಿಗೆ ಅಷ್ಟು ಬೇಕಿಲ್ಲ, ಮೂರು ಸಾಕು. ಮುಗಿದ ತೇಪೆಯ ಮೇಲೆ ಒದ್ದೆ ಗೋಣಿತಾಟನ್ನು ಇಳಿಬಿಟ್ಟು ಕನಿಷ್ಠ ಒಂದು ವಾರ ತಂಪಾಗಿಡಬೇಕು.

ಬೇಗ ಮುಗಿಸುವ ಆಸೆಯಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸುವವರಿದ್ದಾರೆ. ಜಿಪ್ಸಮ್ಮನ್ನು ಸುಮಾರು 150 ಡಿಗ್ರಿಯಲ್ಲಿ ಸುಟ್ಟು ಮಾಡಿದ ಈ ಪುಡಿ ಅರ್ಧಗಂಟೆಯಲ್ಲೇ ಬಿಗಿಯುತ್ತದೆ. ಒಣಗಿದ ಒಳಗೋಡೆಯ ಸಣ್ಣ ಮೊಳೆತೂತಿಗೆ ಅಡ್ಡಿಯಿಲ್ಲ. ತೇವದ ಗೋಡೆಗೆ ಅದು ಆಗದು. ಜಿಪ್ಸಮ್ ಅಲ್ಪಸ್ವಲ್ಪ ನೀರಿನಲ್ಲಿ ಕರಗುವ ವಸ್ತು, ಜೊತೆಗೆ ಸಲ್ಫೇಟನ್ನೂ ಗೋಡೆಗೆ ಸೇರಿಸುತ್ತದೆ. ಅಂಗಡಿಯಲ್ಲಿ ಸಿಗುವ ಬಿಳಿ ಸಿಮೆಂಟಿನ ವಾಲ್ ಪುಟ್ಟಿಗೂ ಇದೇ ಎಚ್ಚರಿಕೆ.

ಬಿಟ್ಟುಕೊಂಡಿದ್ದರೂ ಒಡೆಯದ ಗಾರೆಯನ್ನು ಕೆಡವಬೇಕಿಲ್ಲ. ಸಣ್ಣ ತೂತು ಕೊರೆದು, ನೀರು ಹಾಯಿಸಿ, ತೆಳುವಾದ ಸುಣ್ಣದ ಗಂಜಿಯನ್ನು ಸಿರಿಂಜಿನಿಂದ ಒಳಗೆ ತುಂಬಿ, ಬಟ್ಟೆ ಸುತ್ತಿದ ಹಲಗೆಯನ್ನು ಆನಿಸಿ ಊರೆಕೊಟ್ಟು ಬಿಟ್ಟರೆ ಅದು ಮತ್ತೆ ಗೋಡೆಗೆ ಅಂಟುತ್ತದೆ. ಪಶ್ಚಿಮದ ಪಟ್ಟಿಗೋಡೆಯಲ್ಲಿ ಅಗಲ ಬಿಲ್ಲೆಯ ಮೂಲಕ ಸ್ಕ್ರೂ ಹಾಕಿ ಗಾರೆಯನ್ನು ಮರದ ಪಟ್ಟಿಗೆ ಎಳೆದು ಹಿಡಿಸುತ್ತಾರೆ, ಬಿಲ್ಲೆಯ ಮೇಲೆ ತೆಳುವಾಗಿ ಗಾರೆ ಸವರುತ್ತಾರೆ.

ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಕೆಲಸ ಮಾಡಬಾರದು. ಕಣ್ಣಿಗೆ ಸಿಡಿದರೆ ಬಹಳ ಹೊತ್ತು ಶುದ್ಧ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಹಳೆಯ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಬಂದದ್ದೇ 2016ರಲ್ಲಿ. ಆದ್ದರಿಂದ ಬಣ್ಣವನ್ನು ಒಣಗಿದ್ದಾಗ ಉಜ್ಜದೆ ಒದ್ದೆ ಮಾಡಿ ಹೆರೆಯಬೇಕು, ಮಕ್ಕಳನ್ನು ದೂರವಿಡಬೇಕು.

ಪಟ ತೂಗುವುದು

ಮನೆಮನೆಯ ಗೋಡೆಗೆ ಗಾಜು ಹಾಕಿಸಿದ ಪಟಗಳು ಬಂದದ್ದು ಅಗ್ಗದ ಬಣ್ಣದ ಮುದ್ರಣದೊಂದಿಗೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯ ತೆರೆದು ಲಕ್ಷ್ಮಿ, ಸರಸ್ವತಿಯರ ಚಿತ್ರಗಳನ್ನು ಅಚ್ಚುಹಾಕಿದ. ಮುಂದೆ ಅದು ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಆ ಮುದ್ರಣಗಳಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗಿಸುವುದು ಮೈಸೂರು ಸೀಮೆಯಲ್ಲಿ ಹಬ್ಬಿತು. ಫೋಟೊ ಸ್ಟುಡಿಯೋಗಳು ಬಂದ ಮೇಲೆ ಪಕ್ಕದಲ್ಲೇ ಅಜ್ಜ ಅಜ್ಜಿಯರೂ ಸಾಲಾಗಿ ನಿಂತರು.

ಆ ಕಾಲದ ಮನೆಗಳಲ್ಲಿ ಪಟಗಳು ಬಾಗಿಲ ಮೇಲೆ, ತೊಲೆಯ ಕೆಳಗೆ, ಎತ್ತರದಲ್ಲಿ ಮುಂದಕ್ಕೆ ಬಾಗಿ ನಿಂತಿರುವುದನ್ನು ಕಾಣಬಹುದು. ಬುಡ ಮರದ ಪಟ್ಟಿಯ ಮೇಲೋ ಎರಡು ದಪ್ಪ ಮೊಳೆಗಳ ಮೇಲೋ ಕೂತಿರುತ್ತದೆ. ಮೇಲಿನ ಹುರಿ ಅದು ಮುಂದಕ್ಕೆ ಬೀಳದಂತೆ ಹಿಡಿದಿರುತ್ತದೆ, ಅಷ್ಟೆ. ಇದರಲ್ಲಿ ಜಾಣತನವಿದೆ. ಭಾರವೆಲ್ಲ ಪಟ್ಟಿಯ ಮೂಲಕ ಗೋಡೆಗೆ ಹೋಗುತ್ತದೆ, ಹುರಿಯ ಮೊಳೆಗೆ ಕೆಲಸ ಕಡಿಮೆ. ಕೆಳಗೆ ನಿಂತು ನೋಡುವವರಿಗೆ ಗಾಜು ಹೊಳೆಯುವುದಿಲ್ಲ. ಹಿಂದೆ ಗಾಳಿಯಾಡುತ್ತದೆ. ಹಳೆಯ ಮನೆಯಲ್ಲಿ ಆ ಪಟ್ಟಿ ಉಳಿದಿದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ಹೊಸದಾಗಿ ಒಂದು ತೇಗದ ಪಟ್ಟಿ ಹಾಕಿಸುವುದು ಹತ್ತು ಕಡೆ ಹತ್ತು ತೂತು ಕೊರೆಯುವುದಕ್ಕಿಂತ ಮೇಲು.

ತೂಗುವ ಮುನ್ನ ತೂಕ ತಿಳಿಯಬೇಕು. ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕಿಲೊ ತೂಗುತ್ತದೆ. 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರದ ಪಟಕ್ಕೆ ಮೂರು ಮಿಲಿಮೀಟರಿನ ಗಾಜು ಹಾಕಿದರೆ ಗಾಜೊಂದೇ ಸುಮಾರು ನಾಲ್ಕು ಕಿಲೊ. ಅಷ್ಟೇ ದಪ್ಪದ ಅಕ್ರಿಲಿಕ್ ಹಾಳೆ ಎರಡು ಕಿಲೊಗೂ ಕಡಿಮೆ. ಹಲಗೆಯ ಮೇಲೆ ಬರೆದು, ಕೆತ್ತನೆಯ ತೇಗದ ಕಟ್ಟಿನಲ್ಲಿ ಕೂರಿಸಿದ ತಂಜಾವೂರು ಶೈಲಿಯ ದೊಡ್ಡ ಚಿತ್ರವಾದರೆ ಇಬ್ಬರು ಹಿಡಿದು ಎತ್ತಬೇಕಾದೀತು.

ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿದಷ್ಟೂ ಭದ್ರವೆಂಬ ನಂಬಿಕೆ ತಪ್ಪು. ಒಂದೇ ಮೊಳೆಗೆ ನೇತಾಡುವ ತಂತಿಯ ಎರಡು ಕಾಲುಗಳು ಅಡ್ಡಗೆರೆಯೊಂದಿಗೆ 60 ಡಿಗ್ರಿ ಕೋನ ಮಾಡಿದಾಗ 10 ಕಿಲೊ ಪಟದ ತಂತಿಯ ಪ್ರತಿ ಕಾಲಿಗೂ ಬೀಳುವ ಎಳೆತ 6 ಕಿಲೊಗೂ ಕಡಿಮೆ. 30 ಡಿಗ್ರಿಯಲ್ಲಿ ಸರಿಯಾಗಿ 10 ಕಿಲೊ. ಬಿಗಿದು ಕಟ್ಟಿ ಕೋನ 15 ಡಿಗ್ರಿಗೆ ಇಳಿದರೆ 19 ಕಿಲೊ ಮೀರುತ್ತದೆ. ತಂತಿಯೂ ಕಟ್ಟಿನ ಬಳೆಗಳೂ ಪಟದ ತೂಕದ ಎರಡರಷ್ಟನ್ನು ತಡೆಯಬೇಕಾಗುತ್ತದೆ. ಹಳೆಯ ಕಟ್ಟುಗಳ ಮೂಲೆ ಬಿಡುವುದು ಹೆಚ್ಚಾಗಿ ಹೀಗೆ. ಎರಡು ಬಳೆಗಳಿಗೆ ನೇರವಾಗಿ ಎರಡು ಕೊಕ್ಕೆ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು, ಪಟ ವಾಲುವುದೂ ಇಲ್ಲ.

ಮೊಳೆ, ಬೆಣೆ, ಪ್ಲಗ್

ಕಾಲು ಕಿಲೊ, ಅರ್ಧ ಕಿಲೊದ ಪಟಕ್ಕೆ ತೆಳುವಾದ ಉಕ್ಕಿನ ಮೊಳೆಯನ್ನು ಕೆಳಮುಖವಾಗಿ ಓರೆ ಹೊಡೆಯುವ ಹಿತ್ತಾಳೆ ಕೊಕ್ಕೆ ಸಾಕು. ಅದಕ್ಕೂ ಮೊದಲೇ ಸಣ್ಣ ಬಿಟ್‌ನಿಂದ ತೂತು ಮಾಡಿಕೊಳ್ಳಬೇಕು. ವರ್ಷವರ್ಷ ಯುಗಾದಿ, ದೀಪಾವಳಿಗೆ ಬಳಿದ ಸುಣ್ಣದ ಪದರಗಳೇ ಹಳೆಯ ಮನೆಗಳಲ್ಲಿ ದಪ್ಪನೆಯ ಚರ್ಮದಂತೆ ಬೆಳೆದಿರುತ್ತವೆ. ಸಣ್ಣ ಮೊಳೆ ಆ ಚರ್ಮದಲ್ಲೇ ನಿಂತು ಮೋಸ ಮಾಡುತ್ತದೆ. ಅಂಟುಪಟ್ಟಿಗಳೂ ಅಷ್ಟೆ. ಅವು ಹಿಡಿಯುವುದು ಸುಣ್ಣದ ಹೊರಪದರವನ್ನು, ಬೀಳುವಾಗ ಅದನ್ನೂ ಕಿತ್ತುಕೊಂಡೇ ಬೀಳುತ್ತವೆ. ಸುಣ್ಣ ಬಳಿದ ಗೋಡೆಗೆ ಅವು ನಿರುಪಯುಕ್ತ.

ಭಾರದ ಪಟಕ್ಕೆ ಹಳಬರ ದಾರಿ ಬೆಣೆ. ಗೋಡೆಯಲ್ಲಿ ಚೌಕ ತೂತು ಕೆತ್ತಿ, ಒಣಗಿದ ತೇಗದ ಬೆಣೆಯನ್ನು ಬಿಗಿಯಾಗಿ ಹೊಡೆದು, ಅದರೊಳಗೆ ತಿರುಪುಮೊಳೆ ಕೂರಿಸುತ್ತಿದ್ದರು. ಇದರಿಂದ ಬಿಡುಗಡೆ ಕೊಟ್ಟವನು ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಇಂಗ್ಲಿಷ್ ಗುತ್ತಿಗೆದಾರ. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳಿಗೆ ಹಾನಿಯಾಗದಂತೆ ವಿದ್ಯುತ್ ಸಲಕರಣೆ ಕೂರಿಸಬೇಕಾಗಿ ಬಂದಾಗ ಅವನು ಸೆಣಬಿನ ನಾರನ್ನು ಪ್ರಾಣಿಯ ರಕ್ತದ ಅಂಟಿನಲ್ಲಿ ಬಿಗಿದು ಸಣ್ಣ ಕೊಳವೆ ಮಾಡಿ, 1911ರಲ್ಲಿ ಪೇಟೆಂಟ್ ಪಡೆದ. ರಾಲ್‌ಪ್ಲಗ್ ಎಂಬ ಹೆಸರು ಅವನದೇ. ಇಂದಿನ ನೈಲಾನ್ ಪ್ಲಗ್ಗನ್ನು ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ರೂಪಿಸಿದ. ಗೋಡೆಯನ್ನು ಕಾಪಾಡಲು ಹುಟ್ಟಿದ ಪ್ಲಗ್ಗು ಹಳೆಯ ಗೋಡೆಗಳನ್ನು ಒಡೆಯುತ್ತಿದ್ದರೆ ಬಳಸುವ ರೀತಿಯಲ್ಲಿ ದೋಷವಿದೆ.

ದೋಷ ಇಷ್ಟೇ. ಪ್ಲಗ್ ಹಿಗ್ಗಿ ಹಿಡಿಯುವ ವಸ್ತು. ಗಾರೆಯಲ್ಲಿ ಹಿಗ್ಗಿದರೆ ಗಾರೆಯನ್ನು ಸಿಡಿಸುತ್ತದೆ. ಅದು ಪೂರ್ತಿಯಾಗಿ ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಗಾರೆ 30 ಮಿಲಿಮೀಟರ್, ಪ್ಲಗ್ 50 ಮಿಲಿಮೀಟರ್ ಇದ್ದರೆ ತೂತಿನ ಆಳ 80 ಮೀರಬೇಕು, ಸ್ಕ್ರೂ ಇನ್ನೂ ಉದ್ದವಿರಬೇಕು. ಅಂಗಡಿಯವರು ಪ್ಲಗ್ಗಿನೊಂದಿಗೆ ಕೊಡುವ ಒಂದೂವರೆ ಅಂಗುಲದ ಸ್ಕ್ರೂ ಇಲ್ಲಿ ಸಾಲದು. ಎಲ್ಲಿಗೆ ಮುಟ್ಟಿದೆವೆಂದು ಡ್ರಿಲ್ಲಿನ ದೂಳೇ ಹೇಳುತ್ತದೆ: ಮೊದಲು ಬಿಳಿ, ಆಮೇಲೆ ಕೆಂಪು ಬಂದರೆ ಇಟ್ಟಿಗೆ ಇಲ್ಲವೆ ಮುರಕಲ್ಲು, ಕಂದು ಮಣ್ಣು ಉದುರಿದರೆ ಹಸಿ ಇಟ್ಟಿಗೆ ಅಥವಾ ಮಣ್ಣಿನ ಸಂದು. ಡ್ರಿಲ್ಲಿನ ಸುತ್ತಿಗೆಯೇಟನ್ನು ಬಂದ್ ಮಾಡಿ, ನಿಧಾನ ವೇಗದಲ್ಲಿ, ಮೊದಲು ಮೂರು ಮಿಲಿಮೀಟರ್ ನಂತರ ಆರು ಮಿಲಿಮೀಟರ್ ಬಿಟ್‌ನಿಂದ ಕೊರೆಯಬೇಕು. ಸ್ವಿಚ್ಚಿನ ನೇರ ಮೇಲೆ, ಕೆಳಗೆ ಕೊರೆಯಬಾರದು. ಗೋಡೆಯೊಳಗಿನ ವೈರು ಹೋಗುವುದು ಅಲ್ಲೇ.

ಮುರಕಲ್ಲಿಗೆ ಉದ್ದದ ಪ್ಲಗ್ ಬೇಕು. ಗಟ್ಟಿ ಕಲ್ಲಿನ ಗೋಡೆಯಲ್ಲಿ ಸಂದು ಹುಡುಕಿ ಬೆಣೆ ಹೊಡೆಯುವುದೇ ಸರಿ. ಸಂದನ್ನು ಮುಂದೆಂದಾದರೂ ಮತ್ತೆ ತುಂಬಬಹುದು, ಕಲ್ಲಿಗೆ ಆದ ಗಾಯ ಮಾಯುವುದಿಲ್ಲ. ಹಸಿ ಇಟ್ಟಿಗೆಯ, ಮಣ್ಣಿನ ಗೋಡೆಯಲ್ಲಿ ಯಾವ ಪ್ಲಗ್ಗನ್ನೂ ನಂಬಬಾರದು. ಅಲ್ಲಿ ತೊಲೆಯಿಂದ, ಇಲ್ಲವೆ ಬಾಗಿಲಿನ ಮರದ ಮೇಲುಪಟ್ಟಿಯಿಂದ ಹುರಿ ಇಳಿಬಿಟ್ಟು ತೂಗಬೇಕು.

ಪಟದ ಹಿಂಬದಿ

ತೇವದ ಗೋಡೆಗೆ ಬೆನ್ನು ತಾಗಿಸಿದ ಪಟಕ್ಕೆ ಮೊದಲು ಬೂಷ್ಟು, ನಂತರ ಬೆಳ್ಳಿಹುಳ, ಕೊನೆಗೆ ಗೆದ್ದಲು. ಕೆಳಗಿನ ಎರಡು ಮೂಲೆಗೆ ಒಂದು ಸೆಂಟಿಮೀಟರ್ ದಪ್ಪದ ಕಾರ್ಕ್ ಬಿಲ್ಲೆ ಅಂಟಿಸಿದರೆ ಗಾಳಿಯಾಡುವ ಸಂದು ಸಿಗುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ಬೆಲೆಬಾಳುವ ಚಿತ್ರ ತೂಗಬಾರದು, ಒಳಗಿನ ಅಡ್ಡಗೋಡೆಯೇ ಅದಕ್ಕೆ ಸರಿ. ಹೊಸ ಗಾರೆ ಮೆತ್ತಿದ ಜಾಗದಲ್ಲಿ ಒಂದೆರಡು ತಿಂಗಳಾದರೂ ಪಟ ಬೇಡ. ಚಿನ್ನದ ರೇಕು, ಉಬ್ಬುಗೆಲಸವಿರುವ ಮೈಸೂರು ಶೈಲಿಯ ಚಿತ್ರಗಳಿಗೆ ಈ ಎಚ್ಚರ ಇನ್ನೂ ಹೆಚ್ಚು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಎಲ್ಲ ಪಟಗಳನ್ನೂ ಇಳಿಸಿ, ಬೆನ್ನು ಒರೆಸಿ, ಹುರಿ ಹಳತಾಗಿದ್ದರೆ ಬದಲಿಸಬೇಕು.

ಚಿತ್ರ ಬರೆದ ಗೋಡೆ

ಕೆಲವೊಮ್ಮೆ ಗೋಡೆಯೇ ಪಟವಾಗಿರುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್, ತುಮಕೂರು ಜಿಲ್ಲೆಯ ಸೀಬಿ ನರಸಿಂಹ ದೇವಾಲಯ, ಮೈಸೂರಿನ ಜಗನ್ಮೋಹನ ಅರಮನೆ, ಇಲ್ಲೆಲ್ಲ ಗಾರೆಯ ಮೇಲೇ ಬರೆದ ಚಿತ್ರಗಳಿವೆ. ದರಿಯಾ ದೌಲತಿನ ಪೊಳ್ಳಿಲೂರು ಯುದ್ಧದ ಚಿತ್ರ ಒಂದಕ್ಕಿಂತ ಹೆಚ್ಚು ಸಲ ಮತ್ತೆ ಬಣ್ಣ ಬಳಿಸಿಕೊಂಡಿದೆ. ಹಳೆಯ ಖಾಸಗಿ ಮನೆ, ಮಠಗಳ ಸುಣ್ಣದ ಪದರಗಳ ಅಡಿಯಲ್ಲೂ ಬಣ್ಣದ ಗೆರೆಗಳು ಅಡಗಿರಬಹುದು. ಹೆರೆಯುವಾಗ ಬಿಳಿಯ ಕೆಳಗೆ ಕೆಂಪು, ಹಸಿರು, ನೀಲಿ ಇಣುಕಿದರೆ ಅಲ್ಲಿಗೇ ಕೈ ನಿಲ್ಲಿಸಿ, ಫೋಟೊ ತೆಗೆದಿಟ್ಟು, ರಾಜ್ಯ ಪುರಾತತ್ತ್ವ ಇಲಾಖೆಗೋ ಪರಂಪರೆ ಸಂರಕ್ಷಣೆಯ ಇಂಟ್ಯಾಕ್ ಸಂಸ್ಥೆಗೋ ತಿಳಿಸಬೇಕು. ಅಂಥ ಗೋಡೆಗೆ ನೀರು ಹಾಕಬಾರದು, ಮೊಳೆ ಹೊಡೆಯಬಾರದು, ಪಟ ತೂಗಲೇಬಾರದು.